ಔಷಧದಂಗಡಿಯ ಮುಂದೆ

ವೈದ್ಯರ ಚೀಟಿಯನ್ನು ಹಿಡಿದು ಔಷಧದಂಗಡಿಯ ಮುಂದೆ ಅರ್ಧ ಗಂಟೆ ನಿಂತಿದ್ದೆನು. ಬೇಕಾಗಿದ್ದುದು ತಾಯಿಯವರ ರಕ್ತದೊತ್ತಡದ ಮಾತ್ರೆ. ಅಂಗಡಿಯ ಹುಡುಗನು, ‘ಅದಿಲ್ಲ ಸಾರ್, ಇದೂ ಅದೇ’ ಎಂದು ಬೇರೆ ಹೆಸರಿನದನ್ನು ಮುಂದಿಟ್ಟನು. ವಿವರ ಕೇಳಿದರೆ, ‘ಡಾಕ್ಟರನ್ನೇ ಕೇಳಿ’ ಎಂಬ ಉತ್ತರ!

ರಾತ್ರಿ ನೋಡುತ್ತೇನೆ, ಉಳಿದಿದ್ದ ಹಳೆಯ ಮಾತ್ರೆಯೊಡನೆ ಹೊಸದನ್ನೂ ತಾಯಿಯವರು ಅಂಗೈಯಲ್ಲಿಟ್ಟುಕೊಂಡಿದ್ದಾರೆ! ಹೆಸರು ಎರಡು, ಔಷಧ ಒಂದೇ. ಎರಡನ್ನೂ ನುಂಗಿದ್ದರೆ ರಕ್ತದೊತ್ತಡವು ಮಿತಿಮೀರಿ ಇಳಿಯಬಹುದಾಗಿತ್ತು.

ಅಂಗಡಿಯಲ್ಲಿ ವೈದ್ಯರ ಚೀಟಿಯಂತೆ ಔಷಧ ಕೊಡುವ ಅಧಿಕಾರವನ್ನು 1948ರ ಫಾರ್ಮಸಿ ಕಾಯಿದೆಯು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಇತ್ತಿದೆ. ಸೇವನೆಯ ಕ್ರಮವನ್ನು ರೋಗಿಗೆ ತಿಳಿಯಹೇಳುವುದೂ ಅವರ ಕರ್ತವ್ಯವೆಂದು 2015ರ ನಿಯಮಾವಳಿಯು ವಿಧಿಸುತ್ತದೆ. ಆದುದರಿಂದ ವಾಚಕರೇ, ‘ಇಲ್ಲಿ ಫಾರ್ಮಸಿಸ್ಟರು ಯಾರು?’ ಎಂದು ಕೇಳಲು ಸಂಕೋಚಪಡಬೇಡಿ. ಆ ಪ್ರಶ್ನೆಯು ಒರಟುತನವಲ್ಲ, ಮನೆಯವರ ಪ್ರಾಣರಕ್ಷಣೆ.