ಗಣಕಯಂತ್ರಕ್ಕೆ ಕನ್ನ: ವಿದ್ಯೆ ಒಂದು, ಮಾರ್ಗ ಎರಡು

ವಿದ್ಯೆಯು ತನ್ನಷ್ಟಕ್ಕೆ ತಾನು ಸಾಧುವೂ ಅಲ್ಲ, ದುಷ್ಟವೂ ಅಲ್ಲ. ಅದನ್ನು ಪಡೆದವನ ಶೀಲದಿಂದಲೂ ಬಳಸುವ ರೀತಿಯಿಂದಲೂ ಅದಕ್ಕೆ ಗುಣದೋಷಗಳು ಪ್ರಾಪ್ತವಾಗುತ್ತವೆ. ಬೀಗ ಮಾಡುವವನಿಗೆ ಬೀಗ ತೆರೆಯುವ ಮರ್ಮವೂ ತಿಳಿದಿರಲೇಬೇಕು. ವಿಷದ ಸ್ವಭಾವವನ್ನರಿಯದ ವೈದ್ಯನು ವಿಷವನ್ನು ಇಳಿಸಲಾರನು. ಈ ಹಳೆಯ ಮಾತು ಇಂದಿನ ಗಣಕಯಂತ್ರದ ಯುಗದಲ್ಲಿ ಹೊಸ ಅರ್ಥವನ್ನು ಪಡೆದಿದೆ. ಪತ್ರಿಕೆಗಳನ್ನು ತೆರೆದರೆ ಬ್ಯಾಂಕಿನ ಖಾತೆಗೆ ಕನ್ನ, ಸರಕಾರದ ಜಾಲತಾಣಕ್ಕೆ ಕನ್ನ ಎಂಬ ಸುದ್ದಿಗಳು ಕಣ್ಣಿಗೆ ಬೀಳುತ್ತವೆ. ಇದನ್ನೇ ಇಂಗ್ಲಿಷಿನವರು ಹ್ಯಾಕಿಂಗ್ ಎನ್ನುತ್ತಾರೆ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ, ಇಂಥದೇ ಕೌಶಲವುಳ್ಳ ತರುಣನೊಬ್ಬನಿಗೆ ದೊಡ್ಡ ಸಂಸ್ಥೆಯೊಂದು ಬಹುಮಾನ ಕೊಟ್ಟ ವಾರ್ತೆಯೂ ಇರುತ್ತದೆ. ಒಂದೇ ವಿದ್ಯೆಗೆ ಒಬ್ಬನಿಗೆ ಸೆರೆಮನೆ, ಇನ್ನೊಬ್ಬನಿಗೆ ಸನ್ಮಾನವೆಂದರೇನು? ಈ ಭೇದವು ಎಲ್ಲಿದೆಯೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಬ್ದಾರ್ಥ ವಿಚಾರ

ಹ್ಯಾಕರ್ ಎಂಬ ಶಬ್ದಕ್ಕೆ ಮೊದಲು ಹೀನಾರ್ಥವಿರಲಿಲ್ಲ. ಅಮೆರಿಕೆಯ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1950ರ ದಶಕದ ಕೊನೆಗೆ ಆಟಿಕೆಯ ರೈಲುಮಾದರಿಗಳನ್ನು ಕಟ್ಟುತ್ತಿದ್ದ ವಿದ್ಯಾರ್ಥಿಗಳ ಸಂಘವೊಂದಿತ್ತು. ಅವರು ಯಂತ್ರದ ಒಳಗುಟ್ಟನ್ನು ಬಿಡಿಸಿ ಚಾತುರ್ಯದಿಂದ ಮಾಡಿದ ಕೆಲಸವನ್ನು ಹ್ಯಾಕ್ ಎಂದು ಕರೆದರು. ಅದೇ ವಿದ್ಯಾರ್ಥಿಗಳಲ್ಲಿ ಕೆಲವರು ಗಣಕಯಂತ್ರದತ್ತ ತಿರುಗಿದಾಗ ಆ ಶಬ್ದವೂ ಅವರೊಡನೆ ಹೋಯಿತು. ಕಾಲಕ್ರಮದಲ್ಲಿ ಈ ಚಾತುರ್ಯವು ಪರರ ಯಂತ್ರದೊಳಕ್ಕೆ ನುಗ್ಗುವುದಕ್ಕೂ ಬಳಕೆಯಾಗಿ, ಶಬ್ದಕ್ಕೆ ಅಪಕೀರ್ತಿ ಅಂಟಿಕೊಂಡಿತು. ಈಗ ರಕ್ಷಣೆಗಾಗಿ ದೋಷ ಹುಡುಕುವವರನ್ನು ಬಿಳಿ ಟೊಪ್ಪಿಗೆಯವರೆಂದೂ, ದ್ರೋಹಕ್ಕಾಗಿ ಹುಡುಕುವವರನ್ನು ಕರಿ ಟೊಪ್ಪಿಗೆಯವರೆಂದೂ ಕರೆಯುವುದು ರೂಢಿಯಾಗಿದೆ.

ಕನ್ನವು ಹೇಗೆ ಬೀಳುತ್ತದೆಂಬುದನ್ನು ಸ್ಥೂಲವಾಗಿ ಮೂರು ಬಗೆಯಾಗಿ ಹೇಳಬಹುದು. ಮೊದಲನೆಯದು, ದುರ್ಬಲವಾದ ಪಾಸ್‌ವರ್ಡ್. ತನ್ನ ಹೆಸರನ್ನೋ ಹುಟ್ಟಿದ ದಿನಾಂಕವನ್ನೋ ಇಟ್ಟುಕೊಂಡರೆ, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟಂತೆ. ಎರಡನೆಯದು, ತಂತ್ರಾಂಶವನ್ನು ಬರೆದವರ ಕಣ್ತಪ್ಪಿನಿಂದ ಉಳಿದ ಬಿರುಕು. ಮೂರನೆಯದು, ಯಂತ್ರದಲ್ಲಿಲ್ಲ, ಅದು ಯಂತ್ರದ ಮುಂದೆ ಕುಳಿತ ಮನುಷ್ಯನ ಭಯ, ಆಸೆ, ಮುಗ್ಧತೆಗಳಲ್ಲಿದೆ. ಇವುಗಳಲ್ಲಿ ಮೂರನೆಯದೇ ಅತ್ಯಂತ ಭಯಂಕರವೆಂಬುದು ಮುಂದೆ ವ್ಯಕ್ತವಾಗುವುದು.

ಕೆಲವು ನಿದರ್ಶನಗಳು

1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ, ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಯು ಒಂದು ಸಣ್ಣ ತಂತ್ರಾಂಶವನ್ನು ಅಂತರ್ಜಾಲದಲ್ಲಿ ಬಿಟ್ಟನು. ಅದು ಹುಳುವಿನಂತೆ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಿದು, ತನ್ನ ಪ್ರತಿಗಳನ್ನು ತಾನೇ ಸೃಷ್ಟಿಸಿಕೊಳ್ಳುತ್ತಿತ್ತು. ಅದು ಯಾವ ಕಡತವನ್ನೂ ಅಳಿಸಲಿಲ್ಲ; ಯಾರ ಹಣವನ್ನೂ ಕದಿಯಲಿಲ್ಲ. ಆದರೆ ಒಮ್ಮೆ ಹೊಕ್ಕ ಯಂತ್ರವನ್ನೇ ಮತ್ತೆ ಮತ್ತೆ ಹೊಗುವಂತೆ ಅದರ ರಚನೆಯಿದ್ದುದರಿಂದ ಪ್ರತಿಗಳು ವಿಪರೀತವಾಗಿ ಬೆಳೆದು, ಸಾವಿರಾರು ಯಂತ್ರಗಳು ಸ್ತಬ್ಧವಾದವು. ತನಗೆ ಕೇಡಿನ ಉದ್ದೇಶವಿರಲಿಲ್ಲವೆಂಬ ಅವನ ವಾದವನ್ನು ನ್ಯಾಯಾಲಯವು ಮನ್ನಿಸಲಿಲ್ಲ. 1990ರಲ್ಲಿ ಅವನಿಗೆ 3 ವರ್ಷಗಳ ಕಣ್ಗಾವಲು, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಲ್ಪಟ್ಟವು. ಮುಂದೆ ಆತನೇ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದನು. ಬುದ್ಧಿಯು ಮೊದಲೂ ಇತ್ತು. ಅದಕ್ಕೆ ಮರ್ಯಾದೆಯ ಕಟ್ಟು ಆಮೇಲೆ ದೊರೆಯಿತು.

ಎರಡನೆಯವನು ಕೆವಿನ್ ಮಿಟ್ನಿಕ್. ಇವನು ಅನೇಕ ದೊಡ್ಡ ಸಂಸ್ಥೆಗಳ ಗಣಕವ್ಯವಸ್ಥೆಯನ್ನು ಭೇದಿಸಿ, ತಲೆಮರೆಸಿಕೊಂಡು ತಿರುಗಿ, 1995ರ ಫೆಬ್ರವರಿಯಲ್ಲಿ ಸೆರೆಸಿಕ್ಕಿದನು. 2000ದ ಜನವರಿಯಲ್ಲಿ ಬಿಡುಗಡೆ ಹೊಂದಿದನು. ಇವನ ಮುಖ್ಯ ಆಯುಧವು ಮಾತು. ತಾನೂ ಅದೇ ಸಂಸ್ಥೆಯ ನೌಕರನೆಂದು ದೂರವಾಣಿಯಲ್ಲಿ ನಂಬಿಸಿ ಗುಟ್ಟುಗಳನ್ನು ಹೊರಡಿಸುತ್ತಿದ್ದನು. ಬಿಡುಗಡೆಯ ಬಳಿಕ ಸಂಸ್ಥೆಗಳಿಗೆ ರಕ್ಷಣೆಯ ಸಲಹೆಗಾರನಾಗಿ, ಗ್ರಂಥಕರ್ತನಾಗಿ ಬಾಳಿ 2023ರಲ್ಲಿ ತೀರಿಕೊಂಡನು.

ಇನ್ನು ನಮ್ಮ ನಾಡಿನ ನಿದರ್ಶನ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಆನಂದ ಪ್ರಕಾಶ್ ಎಂಬ ತರುಣ ತಂತ್ರಜ್ಞರು 2016ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿನ ಒಂದು ದೊಡ್ಡ ದೋಷವನ್ನು ಕಂಡುಹಿಡಿದರು. ಪಾಸ್‌ವರ್ಡ್ ಮರೆತವರಿಗೆ ಆ ಸಂಸ್ಥೆಯು 6 ಅಂಕಿಗಳ ಸಂಕೇತವೊಂದನ್ನು ಕಳುಹಿಸುತ್ತಿತ್ತು. ಆರು ಅಂಕಿಗಳೆಂದರೆ 10 ಲಕ್ಷ ಸಾಧ್ಯತೆಗಳು. ಮುಖ್ಯ ತಾಣದಲ್ಲಿ ಕೆಲವು ಸಲ ತಪ್ಪು ಅಂಕಿ ಕೊಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆದರೆ ಪರೀಕ್ಷಾರ್ಥವಾಗಿ ಇಟ್ಟಿದ್ದ ಅದರ ಉಪತಾಣಗಳಲ್ಲಿ ಈ ತಡೆಯಿರಲಿಲ್ಲ. ಮನುಷ್ಯನು 10 ಲಕ್ಷ ಸಲ ಯತ್ನಿಸಲಾರನು. ಯಂತ್ರಕ್ಕೆ ಅದು ಕಷ್ಟದ ಕೆಲಸವಲ್ಲ. ಹೀಗೆ ಯಾರ ಖಾತೆಯನ್ನಾದರೂ ವಶಪಡಿಸಿಕೊಳ್ಳುವ ಮಾರ್ಗವು ಅವರ ಕೈಗೆ ಬಂದಿತ್ತು. ಅವರು ಮಾಡಿದ್ದಾದರೂ ಏನು? ಪರೀಕ್ಷೆಯನ್ನು ತಮ್ಮ ಸ್ವಂತ ಖಾತೆಯ ಮೇಲೆಯೇ ನಡೆಸಿದರು. ಕೂಡಲೇ ಸಂಸ್ಥೆಗೆ ತಿಳಿಸಿದರು. ದೋಷವು ಸರಿಪಡಿಸಲ್ಪಟ್ಟ ಮೇಲೆಯೇ ಲೋಕಕ್ಕೆ ಹೇಳಿದರು. ಸಂಸ್ಥೆಯು 15,000 ಡಾಲರುಗಳ ಬಹುಮಾನವನ್ನಿತ್ತಿತು.

ಭೇದದ ಒರೆಗಲ್ಲು

ಮೇಲಿನ ಮೂವರಲ್ಲಿಯೂ ಜ್ಞಾನವು ಸಮಾನ. ಹಾಗಾದರೆ ಭೇದವು ಉದ್ದೇಶದಲ್ಲಿದೆಯೇ? ಅದೊಂದೇ ಸಾಲದೆಂಬುದಕ್ಕೆ ಮಾರಿಸನೇ ಸಾಕ್ಷಿ. ಈ ವಿಷಯದಲ್ಲಿ ಶೂದ್ರಕನ ಮೃಚ್ಛಕಟಿಕ ನಾಟಕದ ಶರ್ವಿಲಕನನ್ನು ಸ್ಮರಿಸಬಹುದು. ಅವನು ನಾಲ್ಕು ವೇದಗಳನ್ನು ಬಲ್ಲ, ದಾನ ಸ್ವೀಕರಿಸದ ತಂದೆಯ ಮಗ. ಕನ್ನ ಹಾಕುವುದನ್ನು ಶಾಸ್ತ್ರೋಕ್ತವಾಗಿ ಕಲಿತವನು. ಅಳತೆಯ ನೂಲನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಯಾವ ಆಕಾರದ ಕನ್ನವನ್ನು ಕಂಡರೆ ಬೆಳಗಾದ ಮೇಲೆ ಪುರಜನರು ಬೆರಗಾದಾರೆಂದು ಚಿಂತಿಸುತ್ತಾನೆ. ಅವನ ಗುರಿಯಾದರೋ ತನ್ನ ಪ್ರಿಯೆ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದು. ಆದರೆ ಕನ್ನದ ಆಚೆಗೆ ಮಲಗಿದ್ದ ಚಾರುದತ್ತನ ಪಾಡೇನು? ಇಟ್ಟುಕೊಂಡ ಒಡವೆಯನ್ನು ಬಡತನದಿಂದ ತಾನೇ ನುಂಗಿದನೆಂಬ ಅಪವಾದದ ಭಯ ಅವನಿಗೆ. ಆ ಮಾನವನ್ನು ಉಳಿಸಲು ಅವನ ಪತ್ನಿ ತನ್ನ ರತ್ನಹಾರವನ್ನೇ ಕೊಡಬೇಕಾಯಿತು. ಇಂದಿನ ಅನೇಕ ತರುಣ ಹ್ಯಾಕರುಗಳು ಶರ್ವಿಲಕನ ವಂಶದವರೇ. ಕೌಶಲವನ್ನು ಜನ ಮೆಚ್ಚಬೇಕೆಂಬ ಹಂಬಲ ಅವರಿಗುಂಟು. ಗೋಡೆಯ ಆಚೆಗೆ ಯಾರು ಮಲಗಿದ್ದಾರೆಂಬ ವಿವೇಚನೆಯಿಲ್ಲ.

ಆದುದರಿಂದ ಸಾಧುಮಾರ್ಗಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಒಂದು, ಅನುಮತಿ: ಯಂತ್ರವು ತನ್ನದಾಗಿರಬೇಕು, ಇಲ್ಲವೆ ಒಡೆಯನ ಸಮ್ಮತಿಯಿರಬೇಕು. ಎರಡು, ಮಿತಿ: ದೋಷವಿದೆಯೆಂದು ತಿಳಿಯುವಷ್ಟೇ ನೋಡಬೇಕು, ಒಳಗಿನ ಪರರ ವಿಷಯವನ್ನು ಮುಟ್ಟಬಾರದು. ಮೂರು, ನಿವೇದನ: ಕಂಡುದನ್ನು ಒಡೆಯನಿಗೆ ಮೊದಲು ತಿಳಿಸಿ, ಸರಿಪಡಿಸಲು ಅವಕಾಶ ಕೊಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ವಿದ್ಯೆಯು ಕನ್ನವಾಗುತ್ತದೆ.

ನಮ್ಮ ಶಾಸನವೂ ಇದನ್ನೇ ಅನುಸರಿಸಿದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು, ಒಡೆಯನ ಅಥವಾ ಉಸ್ತುವಾರಿ ಹೊಂದಿದವನ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವವನು ನಷ್ಟ ತುಂಬಿಕೊಡಬೇಕೆಂದು ವಿಧಿಸುತ್ತದೆ. ಅದನ್ನೇ ಅಪ್ರಾಮಾಣಿಕತೆಯಿಂದ ಅಥವಾ ವಂಚನೆಯಿಂದ ಮಾಡಿದರೆ 66ನೆಯ ಕಲಮಿನಂತೆ 3 ವರ್ಷಗಳವರೆಗೆ ಕಾರಾಗೃಹ, 5 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ದೋಷವನ್ನು ಕಂಡವರು ತಿಳಿಸುವುದಕ್ಕೆ ಸರ್ಟ್-ಇನ್ ಎಂಬ ಕೇಂದ್ರ ಸರಕಾರದ ಸಂಸ್ಥೆಯೂ 2004ರಿಂದ ಇದೆ.

ನಾಡಿನಲ್ಲಿ, ನೆರೆಯಲ್ಲಿ

ಇದು ದೂರದ ನಗರಗಳ ಮಾತೆಂದು ನಾವು ಉದಾಸೀನರಾಗಿರುವಂತಿಲ್ಲ. 2019ರಲ್ಲಿ ಕರ್ನಾಟಕ ಸರಕಾರದ ವಿದ್ಯುನ್ಮಾನ ಟೆಂಡರ್ ವ್ಯವಸ್ಥೆಗೇ ಕನ್ನ ಬಿದ್ದು, ಗುತ್ತಿಗೆದಾರರು ಇಟ್ಟ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿಗಳು ಅನ್ಯ ಖಾತೆಗಳಿಗೆ ಹರಿದುಹೋದವು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿಗೆ ಕಳ್ಳ ಆದೇಶಗಳು ಹೋದವು. 8.1 ಕೋಟಿ ಡಾಲರುಗಳು ಫಿಲಿಪೈನ್ಸಿಗೆ ಹೋಗಿಬಿಟ್ಟವು. ಶ್ರೀಲಂಕೆಗೆ ಹೊರಟಿದ್ದ 2 ಕೋಟಿ ಡಾಲರುಗಳು ಮಾತ್ರ ಉಳಿದವು. ಕಾರಣವೇನೆಂದರೆ, ಕಳ್ಳರು ಫೌಂಡೇಶನ್ ಎಂಬ ಶಬ್ದದ ಅಕ್ಷರಗಳನ್ನು ತಪ್ಪಾಗಿ ಬರೆದಿದ್ದರು. ಆ ತಪ್ಪನ್ನು ಗಮನಿಸಿದ ಬ್ಯಾಂಕಿನವರು ವಿವರಣೆ ಕೇಳಿದರು. ಕಾಗುಣಿತವನ್ನು ಎಚ್ಚರದಿಂದ ಓದುವ ಅಭ್ಯಾಸವು ಎಷ್ಟು ಬೆಲೆಬಾಳುವುದೆಂಬುದಕ್ಕೆ ಭಾಷಾ ಶಿಕ್ಷಕರು ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ.

ಆದರೆ ಅತ್ಯಂತ ಶೋಕದ ವಿಷಯವು ನಮ್ಮ ಖಾನಾಪುರ ತಾಲೂಕಿನದೇ. 2025ರ ಮಾರ್ಚ್ ತಿಂಗಳಲ್ಲಿ ಇಲ್ಲಿಯ ಗ್ರಾಮವೊಂದರ ವೃದ್ಧ ದಂಪತಿಗಳು, ಅಧಿಕಾರಿಗಳೆಂದು ಹೇಳಿಕೊಂಡು ದೂರವಾಣಿಯಲ್ಲಿ ಬೆದರಿಸಿದ ವಂಚಕರಿಗೆ 50 ಲಕ್ಷಕ್ಕೂ ಮೇಲ್ಪಟ್ಟ ಹಣವನ್ನು ತೆತ್ತರು. ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಸುಳ್ಳು ಹೆಸರಿದೆ. ದೂರವಾಣಿಯ ಮೂಲಕ ಬಂಧಿಸುವ ಅಧಿಕಾರವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಇಲ್ಲಿ ಯಾವ ತಂತ್ರಾಂಶವನ್ನೂ ಭೇದಿಸಬೇಕಾಗಲಿಲ್ಲ. ಮಿಟ್ನಿಕ್‌ನು ನೌಕರರ ನಂಬಿಕೆಗೆ ಹಾಕಿದ ಕನ್ನವನ್ನೇ ಇವರು ಮುದುಕರ ಭಯಕ್ಕೆ ಹಾಕಿದರು. ಮಾನಕ್ಕೆ ಅಂಜುವ ಸಜ್ಜನರು ನೆರೆಯವರಿಗೂ ಹೇಳಿಕೊಳ್ಳದೆ ಒಳಗೊಳಗೇ ಬೇಯುತ್ತಾರೆಂಬುದು ವಂಚಕರಿಗೆ ಚೆನ್ನಾಗಿ ಗೊತ್ತು. ಚಾರುದತ್ತನನ್ನು ಸುಟ್ಟ ಅಪವಾದದ ಭಯವೇ ಇದು. ಮೋಸಹೋದವರದು ಅಪರಾಧವಲ್ಲವೆಂಬ ಧೈರ್ಯವನ್ನು ಅವರಿಗೆ ಕೊಡುವುದು ಊರಿನವರ ಕರ್ತವ್ಯ. ಇಂಥ ಕರೆ ಬಂದಾಗ ಅದನ್ನು ಕಡಿದುಹಾಕಿ ಮನೆಯವರಿಗೆ ತಿಳಿಸಬೇಕು. ಹಣ ಹೋಗಿದ್ದರೆ ವಿಳಂಬಿಸದೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಂಭವವು ಹೆಚ್ಚು.

ವಿದ್ಯಾಸಂಸ್ಥೆಗಳ ಹೊಣೆ

2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ದುಷ್ಟ ತಂತ್ರಾಂಶವು ಇಂಗ್ಲೆಂಡಿನ ಆಸ್ಪತ್ರೆಗಳು ಮೊದಲುಗೊಂಡು ಸುಮಾರು 150 ದೇಶಗಳ ಯಂತ್ರಗಳನ್ನು ಕಟ್ಟಿಹಾಕಿದಾಗ, ಅದನ್ನು ತಡೆದವನು ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ತರುಣ. ಲೋಕವು ಅವನನ್ನು ಹೊಗಳಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕೆಯಲ್ಲಿ ಅವನ ಬಂಧನವಾಯಿತು. ಹಿಂದೆ ಎಳೆಯ ವಯಸ್ಸಿನಲ್ಲಿ ಬ್ಯಾಂಕಿನ ಖಾತೆಗಳನ್ನು ದೋಚುವ ತಂತ್ರಾಂಶವನ್ನು ಬರೆದವನೂ ಅವನೇ ಆಗಿದ್ದನು. 2019ರಲ್ಲಿ ಅವನು ತಪ್ಪೊಪ್ಪಿಕೊಂಡನು. ಆ ಮೇಲಿನ ಸತ್ಕಾರ್ಯವನ್ನು ಗಣಿಸಿ ನ್ಯಾಯಾಧೀಶರು ಮತ್ತೆ ಸೆರೆಗೆ ಕಳುಹಿಸಲಿಲ್ಲ. ಬುದ್ಧಿವಂತ ಬಾಲಕನ ಮುಂದೆ ಎರಡು ದಾರಿಗಳು ತೆರೆದಾಗ, ಕೈಹಿಡಿದು ನಿಲ್ಲಿಸುವ ಹಿರಿಯರೊಬ್ಬರು ಅವನ ಬಳಿಯಲ್ಲಿರಬೇಕೆಂಬುದೇ ಇದರ ಪಾಠ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ಬೆಳಗಾವಿಯಲ್ಲಿಯೇ ಇದೆ. ಪಾರಿಶ್ವಾಡದ ಹುಡುಗನಿಗೂ ಗಣಕವಿದ್ಯೆಯ ಬಾಗಿಲು ಈಗ ದೂರವಲ್ಲ. ನಾಳೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಶಾಲೆಯ ಗಣಕಯಂತ್ರದ ಪಾಸ್‌ವರ್ಡನ್ನು ಬಿಡಿಸಿ ನಗುತ್ತ ನಿಂತರೆ ಶಿಕ್ಷಕರು ಏನು ಮಾಡಬೇಕು? ಬೈದು ಹೊರಗಟ್ಟಿದರೆ ಅವನು ಕತ್ತಲೆಯ ಗುರುಗಳನ್ನು ಹುಡುಕಿಕೊಂಡಾನು. ಬೆನ್ನುತಟ್ಟಿ ಸುಮ್ಮನಾದರೆ ಶರ್ವಿಲಕನಾದಾನು. ತಪ್ಪನ್ನು ತಪ್ಪೆಂದು ತಿಳಿಸಿ, ಅನುಮತಿ, ಮಿತಿ, ನಿವೇದನಗಳೆಂಬ ಮೂರು ಕಟ್ಟುಗಳನ್ನು ಕಲಿಸಿ, ಅದೇ ಯಂತ್ರದ ರಕ್ಷಣೆಯನ್ನು ತನ್ನ ಮೇಲ್ವಿಚಾರಣೆಯಲ್ಲಿ ಅವನಿಗೆ ಒಪ್ಪಿಸುವ ಗುರುವು ಅವನನ್ನೂ ಉಳಿಸಿದನು, ಊರನ್ನೂ ಉಳಿಸಿದನು.

ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವ ದಾನಿಗಳು ಯಂತ್ರದೊಡನೆ ಈ ಶಿಕ್ಷಣಕ್ಕೂ ಏರ್ಪಾಟು ಮಾಡಿದರೆ ಅವರ ದಾನವು ಪೂರ್ಣವಾಗುವುದು. ಬೆಂಗಳೂರು, ಪುಣೆಗಳಲ್ಲಿ ಇದೇ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನವನ್ನು ಮಕ್ಕಳಿಗೂ, ಒಂದು ಸಂಜೆಯನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರಿಗೂ ಮೀಸಲಿಡಲಿ. ಹಿರಿಯರಿಗೆ ಯಂತ್ರಶಾಸ್ತ್ರವನ್ನು ಬೋಧಿಸಬೇಕಾಗಿಲ್ಲ; ಅಂಜಬೇಡಿ, ಯಾರಾದರೂ ಬೆದರಿಸಿದರೆ ನಮ್ಮನ್ನು ಕೇಳಿ ಎಂಬ ಎರಡು ಮಾತು ಸಾಕು. ಆ ಎರಡು ಮಾತನ್ನು ಸಕಾಲದಲ್ಲಿ ಹೇಳುವವರಿದ್ದರೆ ನಮ್ಮ ತಾಲೂಕಿನ ಇನ್ನೊಂದು ಮನೆಯ ದೀಪವು ಆರದೆ ಉಳಿದೀತು.