ಆತಂಕವನ್ನು ಅಳೆಯುವ ಹಾಳೆ

ಜ್ವರ ಬಂದರೆ ಏನು ಮಾಡುತ್ತೇವೆ? ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತುತ್ತಾರೆ. ರಕ್ತ ಕಡಿಮೆ ಇದೆಯೋ ಏನೋ ಅಂತ ತಿಳಿಯಲು ಬೆರಳು ಚುಚ್ಚಿ ನೋಡುತ್ತಾರೆ.

ಮನಸ್ಸಿಗೆ ಆತಂಕ ಆದರೆ? ಅದನ್ನು ಅಳೆಯಲು ಯಾವ ಯಂತ್ರ ಇದೆ?

ಯಂತ್ರ ಇಲ್ಲ. ಆದರೆ ಒಂದು ಹಾಳೆ ಇದೆ. ಅದರಲ್ಲಿ ಪ್ರಶ್ನೆಗಳಿವೆ. ಉತ್ತರ ಕೊಡುವವರು ನಾವೇ. ಏಕೆಂದರೆ ನಮ್ಮ ಮನಸ್ಸಿನ ಸಂಕಟ ನಮಗೇ ಗೊತ್ತು.

ಚಿಂತೆ ಬೇರೆ, ಕಾಯಿಲೆ ಬೇರೆ

ಮಳೆ ಬರಲಿಲ್ಲ ಅಂತ ಚಿಂತೆ. ಮಗಳ ಮದುವೆಯ ಚಿಂತೆ. ಸಾಲದ ಚಿಂತೆ. ಇವು ಎಲ್ಲರಿಗೂ ಇರುವುದೇ. ಮಳೆ ಬಂದರೆ, ಸಾಲ ತೀರಿದರೆ ಚಿಂತೆಯೂ ಇಳಿಯುತ್ತದೆ.

ಕೆಲವರಿಗೆ ಹಾಗಲ್ಲ. ಕಾರಣ ಇರಲಿ, ಇಲ್ಲದಿರಲಿ, ಗಾಬರಿ ಬಿಡುವುದಿಲ್ಲ. ಎದೆ ಡವಡವ ಅನ್ನುತ್ತದೆ. ಕೈ ಬೆವರುತ್ತದೆ. ಹೊಟ್ಟೆ ತೊಳಸುತ್ತದೆ. ನಿದ್ದೆ ಹತ್ತುವುದಿಲ್ಲ. ಹೀಗೇ ತಿಂಗಳುಗಟ್ಟಲೆ ನಡೆದರೆ ಅದು ಆತಂಕದ ಕಾಯಿಲೆ ಇರಬಹುದು. ಇದು ಗಾಳಿ ಸೋಕಿದ್ದಲ್ಲ. ಪುಕ್ಕಲುತನವೂ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ.

ಏಳು ಪ್ರಶ್ನೆಗಳು

ಇಂಥ ಹಾಳೆಗಳು ಹಲವು ಇವೆ. ಅಮೆರಿಕದ ವೈದ್ಯ ವಿಲಿಯಂ ಜಂಗ್ 1971ರಲ್ಲಿ 20 ಸಾಲುಗಳ ಹಾಳೆ ಮಾಡಿದರು. ಅದೇ ದೇಶದ ರಾಬರ್ಟ್ ಸ್ಪಿಟ್ಜರ್ ಮತ್ತು ಜೊತೆಗಾರರು 2006ರಲ್ಲಿ ಚಿಕ್ಕ ಹಾಳೆಯೊಂದನ್ನು ತಂದರು. ಅದರ ಹೆಸರು ಜಿಎಡಿ-7. ಅದರಲ್ಲಿ ಏಳೇ ಪ್ರಶ್ನೆ.

ಕಳೆದ ಎರಡು ವಾರದಲ್ಲಿ ಹೇಗಿತ್ತು ಅಂತ ಅದು ಕೇಳುತ್ತದೆ. ಅದು ಕೇಳುವ ಸಂಗತಿಗಳು ಇವು:

1. ಮನಸ್ಸಿಗೆ ಗಾಬರಿ, ಕಳವಳ.
2. ಚಿಂತೆಯನ್ನು ತಡೆಯಲು ಆಗದಿರುವುದು.
3. ಹಲವು ವಿಷಯಗಳಿಗೆ ಅತಿಯಾಗಿ ಚಿಂತೆ ಮಾಡುವುದು.
4. ಆರಾಮಾಗಿ ಇರಲು ಆಗದಿರುವುದು.
5. ಒಂದು ಕಡೆ ಕೂರಲಾಗದಷ್ಟು ಚಡಪಡಿಕೆ.
6. ಬೇಗ ಸಿಟ್ಟು, ಸಿಡುಕು.
7. ಏನೋ ಕೆಟ್ಟದ್ದು ಆಗುತ್ತದೆ ಎಂಬ ಭಯ.

ಒಂದೊಂದಕ್ಕೂ ನಾಲ್ಕು ಉತ್ತರ. ಇಲ್ಲವೇ ಇಲ್ಲ ಅಂದರೆ 0. ಕೆಲವು ದಿನ ಅಂದರೆ 1. ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2. ಹೆಚ್ಚುಕಡಿಮೆ ದಿನಾಲೂ ಅಂದರೆ 3.

ಕೂಡಿಸಿ ನೋಡೋಣ

ಒಬ್ಬ ಅಕ್ಕ ಹೀಗೆ ಗುರುತು ಹಾಕಿದರು ಅಂತ ಇಟ್ಟುಕೊಳ್ಳೋಣ:

2 + 3 + 1 + 2 + 0 + 1 + 2 = 11

ಎಲ್ಲಕ್ಕಿಂತ ಹೆಚ್ಚು ಅಂದರೆ 21 ಬರುತ್ತದೆ. 5ರಿಂದ 9 ಬಂದರೆ ಆತಂಕ ಕಡಿಮೆ. 10ರಿಂದ 14 ಬಂದರೆ ಮಧ್ಯಮ. 15 ಅಥವಾ ಅದಕ್ಕೂ ಮೇಲೆ ಬಂದರೆ ಬಹಳ. 10 ಅಥವಾ ಅದಕ್ಕೂ ಮೇಲೆ ಬಂದವರನ್ನು ವೈದ್ಯರು ಕೂರಿಸಿ ವಿವರವಾಗಿ ವಿಚಾರಿಸಬೇಕು. ಈ ಅಕ್ಕನಿಗೆ 11 ಬಂದಿದೆ. ಅವರು ವೈದ್ಯರನ್ನು ಕಾಣುವುದು ಒಳ್ಳೆಯದು.

ಅಂಕಿ ಹೇಳದೆ ಇರುವುದು

ಹಾಳೆ ಒಂದು ಜರಡಿ ಇದ್ದ ಹಾಗೆ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಕೈಯಿಂದ ಆರಿಸಿ ನೋಡಬೇಕು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ. ರಕ್ತ ಕಡಿಮೆ ಇದ್ದರೂ ಹಾಗೇ. ಮನೆಯಲ್ಲಿ ಸಾವಾದಾಗ ಯಾರಿಗೇ ಆದರೂ ಅಂಕಿ ಏರಬಹುದು. ಅದಕ್ಕೇ ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳಬೇಕಾದವರು ವೈದ್ಯರು, ಹಾಳೆಯಲ್ಲ.

ಇನ್ನೊಂದು ಮಾತು. ಓದಲು ಬಾರದವರಿಗೆ ಪ್ರಶ್ನೆಯನ್ನು ಬೇರೆಯವರು ಓದಿ ಹೇಳಬೇಕು. ಪಕ್ಕದಲ್ಲಿ ಅತ್ತೆ ಇರುತ್ತಾರೆ. ಗಂಡ ಇರುತ್ತಾನೆ. ಆಗ "ಏನೂ ಇಲ್ಲ, ಚೆನ್ನಾಗಿದ್ದೀನಿ" ಅನ್ನುವವರೇ ಹೆಚ್ಚು. ಎಲ್ಲಕ್ಕೂ 0 ಬೀಳುತ್ತದೆ. ಸಂಕಟ ಒಳಗೇ ಉಳಿಯುತ್ತದೆ. ಈಗ ನಾವು ಓದಲು ಕಲಿತಿದ್ದೇವೆ. ನಮ್ಮ ಪ್ರಶ್ನೆಯನ್ನು ನಾವೇ ಓದಬಹುದು. ನಿಜವಾದ ಉತ್ತರಕ್ಕೆ ನಾವೇ ಗುರುತು ಹಾಕಬಹುದು. ಅದನ್ನು ವೈದ್ಯರ ಕೈಗೆ ನೇರ ಕೊಡಬಹುದು. ಅರ್ಥವಾಗದ ಪದ ಇದ್ದರೆ ಕೇಳಿ. ನಾಚಿಕೆ ಬೇಡ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಫೋನಿನಲ್ಲೂ ಮಾತಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಟೆಲಿ-ಮಾನಸ್ ಶುರು ಮಾಡಿತು. ನಂಬರು 14416. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಕೆಲವರಿಗೆ ಮಾತಿನ ಚಿಕಿತ್ಸೆಯೇ ಸಾಕು. ಕೆಲವರಿಗೆ ಮಾತ್ರೆಯೂ ಬೇಕು. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಸಾಯಬೇಕು ಅನ್ನಿಸಿದರೆ ಹಾಳೆ, ಅಂಕಿ ಅಂತ ಕಾಯಬೇಡಿ. ಆಗಲೇ ಹತ್ತಿರದವರಿಗೆ ಹೇಳಿ. ಆಸ್ಪತ್ರೆಗೆ ಹೋಗಿ.

ಉತ್ತರಿಸಿ

1. ಚಿಂತೆಗೂ ಆತಂಕದ ಕಾಯಿಲೆಗೂ ಏನು ವ್ಯತ್ಯಾಸ?
2. ಕೂಡಿಸಿ: 1 + 0 + 2 + 1 + 0 + 1 + 1 = ?
3. ಹಾಳೆಯನ್ನು ನಾವೇ ಓದಿ ತುಂಬಿದರೆ ಏನು ಅನುಕೂಲ?