ಓಬು ಪಟ್ಟಣದ ಹಳೆಯ ಪತ್ರಿಕೆ

ಊರ ಕಡೆಯ ಪತ್ರಿಕೆ ಟಪಾಲಿನಲ್ಲಿ ತಡವಾಗಿ ಬಂದರೂ ಅದಕ್ಕಾಗಿ ಕಾದು ಕುಳಿತಿರುವ ವಾಚಕರನ್ನು ನಮ್ಮ ವಾಚನಾಲಯದಲ್ಲಿ ನಾವು ಕಂಡಿದ್ದೇವೆ. ಪರಭಾಷೆಯ ನಡುವೆ ಸ್ವಭಾಷೆಯ ಪತ್ರಿಕೆಗಿರುವ ಬೆಲೆ ಅವರಿಗೆ ಗೊತ್ತು. ಆದುದರಿಂದ ಈ ಸಲ ಯುರೋಪಿನ ಉತ್ತರದ ಫಿನ್ಲೆಂಡ್ ದೇಶದಲ್ಲಿ ಹೊರಡುವ ಒಂದು ಸ್ವೀಡಿಷ್ ಪತ್ರಿಕೆಯ ಸಂಗತಿಯನ್ನು ಬರೆಯುತ್ತಿದ್ದೇವೆ.

ಫಿನ್ಲೆಂಡಿನಲ್ಲಿ ಸ್ವೀಡಿಷ್ ಪತ್ರಿಕೆಯೇಕೆ ಎಂದು ಕೇಳಬಹುದು. ಆ ದೇಶವು ಶತಮಾನಗಳ ಕಾಲ ಸ್ವೀಡನ್ನಿನ ಅರಸರ ಆಳಿಕೆಯಲ್ಲಿತ್ತು. 1809ರಲ್ಲಿ ರಷ್ಯದ ಚಕ್ರವರ್ತಿಯ ವಶವಾದ ಮೇಲೂ ಕಚೇರಿಯ ಭಾಷೆ ಸ್ವೀಡಿಷ್ ಆಗಿಯೇ ಉಳಿಯಿತು. ಬಹುಜನರ ಮನೆಮಾತು ಮಾತ್ರ ಫಿನ್ನಿಷ್. ಫಿನ್ನಿಷರು ತುರ್ಕು ಎನ್ನುವ ರೇವುಪಟ್ಟಣಕ್ಕೆ ಸ್ವೀಡಿಷರು ಓಬು ಎನ್ನುತ್ತಾರೆ. ಅಲ್ಲಿ 1824ರ ಜನವರಿಯಲ್ಲಿ ಕ್ರಿಸ್ಟಿಯನ್ ಲುಡ್ವಿಗ್ ಯೆಲ್ಟ್ ಎಂಬವರು 'ಓಬು ಉಂಡರ್‌ರೆಟ್ಟೆಲ್ಸರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ನಮ್ಮ ಮಾತಿನಲ್ಲಿ 'ಓಬು ವರ್ತಮಾನ' ಎನ್ನೋಣ. ನಮ್ಮ 'ಮಂಗಳೂರ ಸಮಾಚಾರ' ಹುಟ್ಟಿದ್ದು 1843ರಲ್ಲಿ. ಅದಕ್ಕಿಂತ ಇದು 19 ವರ್ಷ ಹಿರಿದು. ಮೊದಲಿಗೆ ಇದು ದಿನಪತ್ರಿಕೆಯಾಗಿರಲಿಲ್ಲ, ಆ ರೂಪ ಬಂದದ್ದು ಮುಂದೆ.

ಮೂರು ವರ್ಷ ಕಳೆದು, 1827ರ ಸೆಪ್ಟೆಂಬರ್ 4ರಂದು ಊರಿಗೆ ಬೆಂಕಿ ಬಿತ್ತು. ಬಹುತೇಕ ಮರದ ಮನೆಗಳು. ರಾತ್ರಿ ಬೆಳಗಾಗುವಷ್ಟರಲ್ಲಿ ಊರಿನ ಮುಕ್ಕಾಲು ಪಾಲು ಬೂದಿಯಾಗಿ, ಸುಮಾರು 11,000 ಜನ ಮನೆ ಕಳೆದುಕೊಂಡರು. ವಿಶ್ವವಿದ್ಯಾನಿಲಯದ ಪುಸ್ತಕ ಭಂಡಾರವೂ ಸುಟ್ಟಿತು. ಮರುವರ್ಷ ವಿಶ್ವವಿದ್ಯಾನಿಲಯವೇ ಹೆಲ್ಸಿಂಕಿಗೆ ಹೋಯಿತು. ರಾಜಧಾನಿಯ ಪದವಿಯಂತೂ 1812ರಲ್ಲೇ ಅಲ್ಲಿಗೆ ಹೋಗಿತ್ತು. ಅಧಿಕಾರಿಗಳು ಹೋದರು, ಪಂಡಿತರು ಹೋದರು, ಪತ್ರಿಕೆ ಓಬುವಿನಲ್ಲಿಯೇ ಉಳಿಯಿತು.

ಮುಂದಿನ ಪೆಟ್ಟು ನಿಧಾನದ್ದು. 1863ರಲ್ಲಿ ಚಕ್ರವರ್ತಿಯು ಫಿನ್ನಿಷಿಗೂ ಕಚೇರಿಯಲ್ಲಿ ಸಮಸ್ಥಾನ ಕೊಡಬೇಕೆಂದು ಆಜ್ಞೆ ಮಾಡಿದನು. ಅದು ನ್ಯಾಯವೇ ಸರಿ. ಬಹುಜನರ ನುಡಿಯನ್ನು ಬಾಗಿಲಾಚೆ ನಿಲ್ಲಿಸುವುದು ತರವಲ್ಲ. 1917ರಲ್ಲಿ ದೇಶ ಸ್ವತಂತ್ರವಾಯಿತು, 1919ರ ಸಂವಿಧಾನವು ಎರಡನ್ನೂ ರಾಷ್ಟ್ರಭಾಷೆಗಳೆಂದಿತು. ಆದರೆ 1880ರಲ್ಲಿ ನೂರಕ್ಕೆ ಸುಮಾರು 14 ಮಂದಿಯಿದ್ದ ಸ್ವೀಡಿಷ್ ನುಡಿಯವರು ಈಗ ಐದರಷ್ಟಾಗಿದ್ದಾರೆ. ಓಬುವಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ.

ಲೆಕ್ಕ ಬರೆಯುವ ನಮ್ಮಂಥವರಿಗೆ ಇಲ್ಲಿಯೇ ಕುತೂಹಲ. ಚಂದಾದಾರರು ಅರ್ಧವಾದರೆ ಕಾಗದದ ಖರ್ಚು ಅರ್ಧವಾದೀತು; ಸುದ್ದಿ ತರುವವನ ಸಂಬಳ ಅರ್ಧವಾಗದು. ಫಿನ್ಲೆಂಡಿನ ಸರಕಾರವು ಅಲ್ಪಸಂಖ್ಯಾತ ಭಾಷೆಗಳ ಪತ್ರಿಕೆಗಳಿಗೆ ಸ್ವಲ್ಪ ಸಹಾಯಧನ ಕೊಡುತ್ತದೆ. ಆದರೂ ಮುಖ್ಯ ಆಸರೆ ಓದುಗರದು. ಊರಾಚೆಯ ಕಡಲಿನಲ್ಲಿ ಸಾವಿರಾರು ನಡುಗಡ್ಡೆಗಳಿವೆ. ಅಲ್ಲಿನ ಪಾರ್ಗಸ್ ಮುಂತಾದೆಡೆ ಇಂದಿಗೂ ಸ್ವೀಡಿಷ್ ಆಡುವವರೇ ಹೆಚ್ಚು. ತಮ್ಮ ದೋಣಿ, ತಮ್ಮ ಶಾಲೆ, ತಮ್ಮವರ ಮರಣವಾರ್ತೆ ರಾಜಧಾನಿಯ ದೊಡ್ಡ ಪತ್ರಿಕೆಯಲ್ಲಿ ಸಿಕ್ಕೀತೆ?

ಫಿನ್ಲೆಂಡಿನಲ್ಲಿ ಈಗಲೂ ಹೊರಡುತ್ತಿರುವ ಪತ್ರಿಕೆಗಳಲ್ಲಿ ಇದೇ ಅತ್ಯಂತ ಹಳೆಯದು. 2024ರಲ್ಲಿ ಇದಕ್ಕೆ 200 ವರ್ಷ ತುಂಬಿದವು. ಇದರ ಹಳೆಯ ಸಂಚಿಕೆಗಳ ಚಿತ್ರಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡುವಂತೆ ಇಟ್ಟಿದೆ.